ಬೆಚ್ಚಗಿಡುವುದು ಕದಲದ ಗಾಳಿ

1990ರ ದಶಕದಲ್ಲಿ ಅಮೆರಿಕದ ಸೈನಿಕರ ಕೈಗೆ ಬಂದ ಮಾಡ್ಯುಲರ್ ಸ್ಲೀಪ್ ಸಿಸ್ಟಮ್‌ನಲ್ಲಿ ಎರಡು ಸ್ಲೀಪಿಂಗ್ ಬ್ಯಾಗ್‌ಗಳಿವೆ. ಹಸಿರು ಬಣ್ಣದ ತೆಳುವಾದದ್ದು ಸುಮಾರು ಮೈನಸ್ 1 ಡಿಗ್ರಿ ಸೆಲ್ಸಿಯಸ್‌ವರೆಗೆ ಸಾಕು. ಕಪ್ಪು ಬಣ್ಣದ ದಪ್ಪನೆಯದು ಮೈನಸ್ 23ರವರೆಗೆ ತಡೆಯುತ್ತದೆ. ಕಪ್ಪನ್ನು ಹಸಿರಿನೊಳಗೆ ತೂರಿಸಿ, ಗುಂಡಿ ಒತ್ತಿ ಜೋಡಿಸಿ, ಮೇಲೆ ನೀರು ತಡೆಯುವ ಗೋರ್-ಟೆಕ್ಸ್ ಹೊದಿಕೆ ಹಾಕಿದರೆ ಮೈನಸ್ 34 ಎನ್ನುತ್ತದೆ ಸೇನೆ. ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಲೆಕ್ಕ ಕೂಡುವುದಿಲ್ಲ. ಅದು ಯಾಕೆ ಕೂಡುವುದಿಲ್ಲ ಎಂದು ತಿಳಿದವರು ಹಳೆಯ ಬ್ಯಾಗ್ ಕೊಳ್ಳುವಾಗ ಮೋಸ ಹೋಗುವುದು ಕಡಿಮೆ.

ನಮ್ಮ ಚರ್ಮದ ಬಿಸಿ ಸುಮಾರು 33 ಡಿಗ್ರಿ. ಹೊರಗೆ ಮೈನಸ್ 1 ಇದ್ದಾಗ ಹಸಿರು ಬ್ಯಾಗ್ ತಡೆಹಿಡಿಯುತ್ತಿರುವ ಅಂತರ 34 ಡಿಗ್ರಿ. ಕಪ್ಪು ಬ್ಯಾಗಿನದು 56. ನಿದ್ದೆಯಲ್ಲಿರುವ ದೇಹ ಹುಟ್ಟಿಸುವ ಶಾಖ ಹೆಚ್ಚುಕಡಿಮೆ ಒಂದೇ, 70ರಿಂದ 80 ವಾಟ್. ಹಾಗಾಗಿ ಪದರಗಳ ಉಷ್ಣ ನಿರೋಧ ಕೂಡುತ್ತಾ ಹೋದಂತೆ ಅವು ತಡೆಯುವ ಅಂತರವೂ ಕೂಡಬೇಕು. 34 ಮತ್ತು 56 ಸೇರಿ 90 ಆಗಬೇಕು, ಎಂದರೆ ಮೈನಸ್ 57ರಲ್ಲೂ ನಿದ್ದೆ ಬರಬೇಕು. ಸೇನೆ ಹೇಳುವುದು ಮೈನಸ್ 34. ಉಳಿದ 23 ಡಿಗ್ರಿ ಎಲ್ಲಿ ಹೋಯಿತು?

ಬ್ಯಾಗಿಗೆ ತನ್ನದೇ ಆದ ಬಿಸಿ ಇಲ್ಲ. ದೇಹದ ಶಾಖ ಹೊರಗೆ ಓಡದಂತೆ ತಡೆಯುವುದಷ್ಟೇ ಅದರ ಕೆಲಸ, ಆ ಕೆಲಸವನ್ನೂ ನಿಜವಾಗಿ ಮಾಡುವುದು ಎಳೆಗಳ ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿ. ಕದಲದೆ ನಿಂತ ಗಾಳಿ ಶಾಖವನ್ನು ಬಹಳ ಕಷ್ಟದಿಂದ ಸಾಗಿಸುತ್ತದೆ. ಅದೇ ಗಾಳಿ ಹರಿದಾಡತೊಡಗಿದರೆ ಶಾಖವನ್ನು ಹೊತ್ತುಕೊಂಡೇ ಹೋಗುತ್ತದೆ. ಪಾಲಿಯೆಸ್ಟರ್ ಎಳೆಯಾಗಲಿ, ಬಾತುಕೋಳಿಯ ತುಪ್ಪುಳವಾಗಲಿ, ಗಾಳಿಯನ್ನು ನಿಲ್ಲಿಸುವ ಬಲೆ ಅಷ್ಟೆ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆಗಳ ಪದರಗಳ ನಡುವೆ ನಡೆಯುವುದೂ ಇದೇ.

ಈಗ ಕಳೆದುಹೋದ ಡಿಗ್ರಿಗಳನ್ನು ಹುಡುಕಬಹುದು. ಒಂದೊಂದು ಬ್ಯಾಗಿನ ಅಂಕಿಯಲ್ಲೂ ಸೈನಿಕ ತೊಟ್ಟ ಒಳ ಉಡುಪಿನ ಪಾಲು ಸೇರಿದೆ, ಬ್ಯಾಗಿನ ಹೊರಮೈಗೆ ಅಂಟಿ ನಿಲ್ಲುವ ತೆಳು ಗಾಳಿಪದರದ ಪಾಲೂ ಸೇರಿದೆ. ಎರಡು ಬ್ಯಾಗ್ ಹಾಕಿಕೊಂಡರೂ ಮೈಮೇಲಿರುವುದು ಒಂದೇ ಜೊತೆ ಉಡುಪು, ಹೊರಗಿರುವುದು ಒಂದೇ ಗಾಳಿಪದರ. ನಾವು ಅವನ್ನು ಎರಡು ಸಲ ಎಣಿಸಿದ್ದೆವು. ಒಳಗಿನ ಬ್ಯಾಗು ಹೊರಗಿನದನ್ನು ಒತ್ತುತ್ತದೆ, ಹೊರಗಿನದು ಒಳಗಿನದನ್ನು ಅಮುಕುತ್ತದೆ, ಎರಡರ ಉಬ್ಬೂ ಇಳಿಯುತ್ತದೆ. ಇದರ ಜೊತೆಗೆ ಉಸಿರು. ಎಳೆದುಕೊಂಡ ಕೊರೆಯುವ ಗಾಳಿಯನ್ನು ಬಿಸಿ ಮಾಡಿ, ತೇವ ಮಾಡಿ ಹೊರಬಿಡಲು ದೇಹ ಖರ್ಚು ಮಾಡುವ ಶಾಖವನ್ನು ಯಾವ ಬ್ಯಾಗೂ ಉಳಿಸಿಕೊಡಲಾರದು. ಚಳಿ ಏರಿದಷ್ಟೂ ಆ ಖರ್ಚು ಏರುತ್ತದೆ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ಇರುವುದು ಬೆನ್ನ ಕೆಳಗೆ. ಮೈಭಾರಕ್ಕೆ ಅಲ್ಲಿನ ಎಳೆಗಳು ಚಪ್ಪಟೆಯಾಗಿ ಗಾಳಿ ಹೊರಟುಹೋಗುತ್ತದೆ. ಒಂದು ಬ್ಯಾಗಿನ ಕೆಳಮೈ ನಿಷ್ಪ್ರಯೋಜಕವಾದಂತೆ ಎರಡನೆಯದರದ್ದೂ ಹೆಚ್ಚುಕಡಿಮೆ ಆಗುತ್ತದೆ. ಅಲ್ಲಿ ಕಾಯುವುದು ಮ್ಯಾಟ್ ಮಾತ್ರ. ಮ್ಯಾಟ್‌ಗಳ ನಿರೋಧವನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಸಾಮಾನ್ಯ ಫೋಮ್ ಮ್ಯಾಟಿನದು 2ರ ಆಸುಪಾಸು. ಹಿಮದ ಮೇಲೆ ಮಲಗಲು 5 ಇದ್ದರೆ ನೆಮ್ಮದಿ. ಒಂದರ ಮೇಲೊಂದು ಹಾಸಿದ ಮ್ಯಾಟ್‌ಗಳ ಅಂಕಿಗಳು ಮಾತ್ರ ನೇರವಾಗಿ ಕೂಡುತ್ತವೆ, ಅಲ್ಲಿ ಮೋಸವಿಲ್ಲ. ಎರಡನೆಯ ಬ್ಯಾಗಿಗೆ ಹಣ ಕೊಡುವ ಮೊದಲು ಎರಡನೆಯ ಮ್ಯಾಟ್ ಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮಿನೆಸೋಟ, ಕೊಲರಾಡೊಗಳಲ್ಲಿ ನೆಲೆಸಿ, ಚಳಿಗಾಲದಲ್ಲೂ ಕ್ಯಾಂಪಿಂಗ್ ಬಿಡದ ಕನ್ನಡಿಗರಿಗೆ ಸೇನೆಯ ಹಳೆಯ ಸಾಮಾನು ಮಾರುವ ಆರ್ಮಿ ಸರ್ಪ್ಲಸ್ ಅಂಗಡಿಗಳ ಪರಿಚಯ ಇದ್ದೀತು. ಅಲ್ಲಿ ಬ್ಯಾಗಿನ ಮೇಲೆ ಬರೆದ ಅಂಕಿಗಿಂತ ಅದರ ವಯಸ್ಸು ಮುಖ್ಯ. ಒಳಗೆ ಹೊಲಿದ ಪಟ್ಟಿಯಲ್ಲಿ ಗುತ್ತಿಗೆಯ ಸಂಖ್ಯೆ ಇರುತ್ತದೆ, ಅದರ ನಡುವಿನ ಎರಡು ಅಂಕಿಗಳು ಗುತ್ತಿಗೆಯ ವರ್ಷ. 88 ಎಂದಿದ್ದರೆ 1988. ಪಾಲಿಯೆಸ್ಟರ್ ತುಂಬಿದ ಬ್ಯಾಗನ್ನು ವರ್ಷಗಟ್ಟಲೆ ಬಿಗಿಯಾಗಿ ಅಮುಕಿಟ್ಟರೆ ಎಳೆಗಳು ಮುರಿದು ಮಡಿಚಿಕೊಳ್ಳುತ್ತವೆ, ಮತ್ತೆ ಏಳುವುದಿಲ್ಲ. ಕೊರಿಯಾ ಯುದ್ಧದ ಕಾಲದ ಎಂ-1949 ಮಾದರಿಯಲ್ಲಿರುವುದು ತುಪ್ಪುಳ ಮತ್ತು ಗರಿ. ತುಪ್ಪುಳ ಮುದುಡಿದ್ದರೂ ಚೆನ್ನಾಗಿ ಒಗೆದು ಒಣಗಿಸಿದರೆ ಬಹುಮಟ್ಟಿಗೆ ಉಬ್ಬುತ್ತದೆ, ಆದರೆ ಒದ್ದೆಯಾದರೆ ಕೈಕೊಡುತ್ತದೆ. ಪಾಲಿಯೆಸ್ಟರ್ ಒದ್ದೆಯಾದರೂ ತಕ್ಕಮಟ್ಟಿಗೆ ನಿಲ್ಲುತ್ತದೆ.

ಅಂಗಡಿಯವರು ಒಪ್ಪಿದರೆ ಬ್ಯಾಗನ್ನು ಬಿಡಿಸಿ ಒಂದೆರಡು ಗಂಟೆ ಹರವಿ, ಆಮೇಲೆ ಎಷ್ಟು ಎತ್ತರಕ್ಕೆ ಉಬ್ಬಿದೆ ನೋಡಿ. ಬೆಳಕಿಗೆ ಹಿಡಿದರೆ ಒಳಗಿನ ಎಳೆ ಸರಿದು ಬರಿದಾದ ಜಾಗಗಳು ಕಾಣುತ್ತವೆ. ಗೋರ್-ಟೆಕ್ಸ್ ಹೊದಿಕೆಯ ಒಳಗಿನ ಹೊಲಿಗೆಯ ಮೇಲೆ ಅಂಟಿಸಿದ ಟೇಪು ಏಳುತ್ತಿದೆಯೇ ಎಂದು ಬೆರಳಾಡಿಸಿ ನೋಡಿ. ಜಿಪ್ಪನ್ನು ಒಳಗಿನಿಂದ, ಕೈಗವಸು ತೊಟ್ಟು ಎಳೆಯಿರಿ.

ಈಗಿನ ನಾಗರಿಕ ಬ್ಯಾಗ್‌ಗಳಲ್ಲಿ ಹಲವನ್ನು ಐಎಸ್ಒ 23537 ಮಾನದಂಡದ ಪ್ರಕಾರ, ಬಿಸಿ ಮಾಡಿದ ಮನುಷ್ಯಾಕಾರದ ಗೊಂಬೆಯನ್ನು ಮಲಗಿಸಿ ಅಳೆಯುತ್ತಾರೆ. ಸೇನೆಯ ಹಳೆಯ ಅಂಕಿಗಳು ಆ ಮಾನದಂಡದಿಂದ ಬಂದವಲ್ಲ, ಅವು ಸೈನಿಕನನ್ನು ಮನಸ್ಸಿನಲ್ಲಿಟ್ಟು ಬರೆದವು. ಸುಖನಿದ್ದೆ ಬೇಕಾದವರು ಅವಕ್ಕೆ ಹತ್ತು ಡಿಗ್ರಿ ಸೇರಿಸಿ ಓದಿಕೊಳ್ಳುವುದು ಕ್ಷೇಮ.

ಗಾಳಿ ಕದಲದಿದ್ದರೆ ಸಾಲದು, ಒಣಗಿರಬೇಕು. ಬೆವರಿಲ್ಲದ ರಾತ್ರಿಯಲ್ಲೂ ಚರ್ಮದಿಂದ ನೀರಾವಿ ಹೊರಡುತ್ತಲೇ ಇರುತ್ತದೆ. ಅದು ಬ್ಯಾಗಿನ ಪದರಗಳಲ್ಲಿ ಹೊರಕ್ಕೆ ಸಾಗುತ್ತಾ ತಣ್ಣಗಾಗಿ, ಎಲ್ಲೋ ಒಂದು ಕಡೆ ಹನಿಯಾಗುತ್ತದೆ. ಕಡುಚಳಿಯಲ್ಲಿ ಅಲ್ಲೇ ಹೆಪ್ಪುಗಟ್ಟುತ್ತದೆ. 1911ರ ಅಂಟಾರ್ಕ್ಟಿಕ ಚಳಿಗಾಲದಲ್ಲಿ ಎಂಪರರ್ ಪೆಂಗ್ವಿನ್‌ನ ಮೊಟ್ಟೆ ತರಲು ಕೇಪ್ ಕ್ರೋಜಿಯರ್‌ಗೆ ಹೊರಟ ವಿಲ್ಸನ್, ಬೋವರ್ಸ್, ಚೆರ್ರಿ-ಗ್ಯಾರಾರ್ಡ್ ಎಂಬ ಮೂವರು ಅನ್ವೇಷಕರಿಗೆ ಆದದ್ದು ಇದೇ. ತಾಪ ಮೈನಸ್ 60ರ ಬಳಿಗೆ ಇಳಿದಿತ್ತು. ಹಿಮಸಾರಂಗದ ತೊಗಲಿನ ಬ್ಯಾಗ್‌ಗಳೊಳಗೆ ಮುಖ ಹುದುಗಿಸಿ ಉಸಿರಾಡದೆ ವಿಧಿ ಇರಲಿಲ್ಲ. ಐದು ವಾರಗಳ ಬಳಿಕ ಮರಳಿದಾಗ ಮೂರು ಬ್ಯಾಗ್‌ಗಳ ಒಟ್ಟು ತೂಕ ಎರಡರಷ್ಟಕ್ಕಿಂತ ಹೆಚ್ಚಾಗಿತ್ತು. ಹೆಚ್ಚಿದ್ದರಲ್ಲಿ ಬಹುಪಾಲು ಅವರ ಮೈಯಿಂದ, ಉಸಿರಿನಿಂದ ಬಂದ ನೀರು, ಮಂಜುಗಡ್ಡೆಯಾಗಿ.

ಎರಡು ಪದರದ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿ. ನಿಮ್ಮಲ್ಲಿ ಈಗಾಗಲೇ ತುಪ್ಪುಳದ ಬ್ಯಾಗ್ ಇದ್ದರೆ ಅದನ್ನು ಒಳಗಿಟ್ಟು, ಸರ್ಪ್ಲಸ್ಸಿನ ಹಸಿರು ಪಾಲಿಯೆಸ್ಟರ್ ಬ್ಯಾಗನ್ನು ಹೊರಗೆ ಹಾಕಿ. ಆವಿ ಹೆಪ್ಪುಗಟ್ಟುವ ಜಾಗ ಹೊರಗಿನ ಬ್ಯಾಗಿಗೆ ಸರಿಯುತ್ತದೆ, ಒಳಗಿನ ತುಪ್ಪುಳ ಒಣಗಿ ಉಳಿಯುತ್ತದೆ. ಹೊರಗಿನದು ಒಳಗಿನದಕ್ಕಿಂತ ಸಡಿಲವಾಗಿರಲಿ. ಒಳಗೆ ಮಲಗಿ ಮೊಣಕೈ ಅಗಲಿಸಿದಾಗ ಬಿಗಿದಂತೆ ಅನಿಸಿದರೆ ಆ ಜೋಡಿ ಸರಿಯಿಲ್ಲ. ಟೆಂಟಿನೊಳಗೆ ಒಣಚಳಿ ಇದ್ದರೆ ಗೋರ್-ಟೆಕ್ಸ್ ಹೊದಿಕೆ ತೆಗೆದಿಡಿ. ಮಳೆ, ಗಾಳಿ, ಉದುರುವ ಹಿಮ ಇರುವ ಬಯಲಿಗೆ ಅದು ಬೇಕು, ಆದರೆ ಕಡುಚಳಿಯಲ್ಲಿ ಅದರ ಒಳಮೈಯಲ್ಲೇ ಇಬ್ಬನಿ ಗಡ್ಡೆಕಟ್ಟುತ್ತದೆ. ಮೂಗು, ಬಾಯಿ ಹೊರಗಿರಲಿ. ಬೆಳಗ್ಗೆ ಬ್ಯಾಗನ್ನು ತಿರುಗಿಸಿ ಬಿಸಿಲಿಗೆ ಹಾಕಿ.

ಹಿಮಾಲಯದ ಕೇದಾರಕಂಠದ ಚಳಿಗಾಲದ ಚಾರಣಕ್ಕೆ ಬೆಂಗಳೂರಿನಿಂದ ಹೋಗುವವರಿಗೆ ಸಿಗುವುದು ಬಹುತೇಕ ಬಾಡಿಗೆಯ ಬ್ಯಾಗ್. ಎಷ್ಟೋ ಮಂದಿ ಮಲಗಿ ಅದರ ಉಬ್ಬು ಇಳಿದಿರುತ್ತದೆ. ಅಲ್ಲಿಯೂ ನಿಯಮ ಇದೇ. ಅಂಕಿ ಕೇಳುವ ಬದಲು ಹರವಿ ನೋಡಿ, ಇನ್ನೊಂದು ಮ್ಯಾಟ್ ಕೇಳಿ.

ಅಮೆರಿಕದ ಆ ಮೂರು ತುಂಡುಗಳ ಸೆಟ್ಟು ಐದು ಕಿಲೋಗೆ ಹತ್ತಿರ ತೂಗುತ್ತದೆ. ಅಷ್ಟೇ ಚಳಿಗೆ ತಕ್ಕ ಒಳ್ಳೆಯ ತುಪ್ಪುಳದ ಬ್ಯಾಗ್ ಅದರ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಸಿಗುತ್ತದೆ, ಬೆಲೆ ಮಾತ್ರ ಎಷ್ಟೋ ಪಟ್ಟು. ಕಾರು ನಿಲ್ಲಿಸಿ ಪಕ್ಕದಲ್ಲೇ ಟೆಂಟು ಹೂಡುವವರಿಗೆ ಸರ್ಪ್ಲಸ್ ಸೆಟ್ಟು ಒಳ್ಳೆಯ ಆಯ್ಕೆ. ಬೆನ್ನ ಮೇಲೆ ಹೊತ್ತು ದಿನಗಟ್ಟಲೆ ನಡೆಯುವವರಿಗೆ ಅಲ್ಲ. ಯಾವುದನ್ನೇ ಕೊಂಡರೂ ಮೊದಲ ರಾತ್ರಿ ಮನೆಯ ಹಿತ್ತಿಲಲ್ಲಿ, ಬಾಗಿಲು ಹತ್ತಿರವಿರುವ ಕಡೆ ಮಲಗಿ ನೋಡಿ. ಕಾಡಿನಲ್ಲಿ ನಡುರಾತ್ರಿ ಚಳಿ ತಡೆಯಲಾಗದಿದ್ದರೆ ಏನಾದರೂ ತಿನ್ನಿ, ಬಿಸಿನೀರಿನ ಬಾಟಲಿಯನ್ನು ತೊಡೆಗಳ ನಡುವೆ ಇಟ್ಟುಕೊಳ್ಳಿ, ಆಗಲೂ ಆಗದಿದ್ದರೆ ಎದ್ದು ಹೊರಟುಬಿಡಿ. ಟೆಂಟಿನೊಳಗೆ ಇದ್ದಿಲ ಅಗ್ಗಿಷ್ಟಿಕೆಯನ್ನಾಗಲಿ ಗ್ಯಾಸ್ ಒಲೆಯನ್ನಾಗಲಿ ಹಚ್ಚಿ ಮಲಗಬೇಡಿ. ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ನಿದ್ದೆಯಲ್ಲೇ ಕೊಲ್ಲುತ್ತದೆ.