ಮಂತ್ರ ಹಾಕಿದರೆ ಹಾವಿನ ವಿಷ ಇಳಿಯುತ್ತದೆಯೇ? ನಮ್ಮ ಮಿದುಳು ಹಾಗೆ ನಂಬಲು ಕಲಿಯುವುದು ಹೀಗೆ

ಹಾನಗಲ್ಲ ಕಡೆಯ ಕೊಟ್ಟಿಗೆಗಳಲ್ಲಿ ಬೆಳಿಗ್ಗೆ ಬಕೆಟ್ ಸದ್ದಾದರೆ ಸಾಕು, ಕೈ ತಾಗುವ ಮೊದಲೇ ಆಕಳ ಕೆಚ್ಚಲಿಗೆ ಹಾಲು ಇಳಿಯತೊಡಗುತ್ತದೆ. ಸವಣೂರ ಖಾರದ ಪೊಟ್ಟಣ ಬಿಚ್ಚುವ ಮುಂಚೆಯೇ ನಮ್ಮ ಬಾಯಲ್ಲಿ ನೀರು. ಬಕೆಟ್ಟಿಗೂ ಹಾಲಿಗೂ, ಪೊಟ್ಟಣಕ್ಕೂ ಜೊಲ್ಲಿಗೂ ಹುಟ್ಟಿನಿಂದ ಬಂದ ನಂಟೇನೂ ಇಲ್ಲ. ಒಂದರ ಹಿಂದೆ ಇನ್ನೊಂದು ಪದೇ ಪದೇ ಬಂದದ್ದರಿಂದ ಮಿದುಳು ಎರಡನ್ನೂ ಗಂಟು ಹಾಕಿಕೊಂಡಿದೆ. ರಷ್ಯಾದ ಇವಾನ್ ಪಾವ್ಲೊವ್ ನಾಯಿಗಳ ಜೊಲ್ಲು ಅಳೆದು ತೋರಿಸಿದ್ದು ಇದನ್ನೇ. ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಇದರ ಹೆಸರು ಶಾಸ್ತ್ರೀಯ ಅನುಬಂಧನ. (1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಮಾತ್ರ ಜೀರ್ಣಕ್ರಿಯೆಯ ಸಂಶೋಧನೆಗೆ!)

ಇದೇ ಗುಣ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ. "ಹೊಲದಾಗ ಹಾವು ಕಡಿದಿತ್ತು, ಮಂತ್ರ ಹಾಕಿಸಿದ್ವಿ, ಆರಾಮ ಆತು" ಎಂಬ ಧಾಟಿಯ ಫಾರ್ವರ್ಡ್‌ಗಳನ್ನೇ ನೋಡಿ. ಹೇಳುವವರು ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ಹಾವು ಕಚ್ಚಿದ್ದು, ಮಂತ್ರ ಹಾಕಿಸಿದ್ದು, ಬದುಕಿದ್ದು ಮೂರೂ ನಿಜವಿರಬಹುದು. "ಅದರಿಂದಲೇ ಬದುಕಿದ" ಎಂಬುದನ್ನು ಮಿದುಳು ತಾನೇ ಸೇರಿಸಿಕೊಳ್ಳುತ್ತದೆ.

1948ರಲ್ಲಿ ಅಮೆರಿಕದ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ನಿಗದಿತ ಅಂತರದಲ್ಲಿ ಕಾಳು ಸಿಗುವಂತೆ ಇಟ್ಟರು. ಎಂಟರಲ್ಲಿ ಆರು ಹಕ್ಕಿಗಳು ವಿಚಿತ್ರ ಆಚರಣೆ ಶುರು ಮಾಡಿದವು. ಒಂದಂತೂ ಗೂಡಿನಲ್ಲಿ ಎಡಕ್ಕೆ ಗಿರಗಿರನೆ ಸುತ್ತುತ್ತಿತ್ತು. ಕಾಳು ಬಿದ್ದಾಗ ಅದು ಏನು ಮಾಡುತ್ತಿತ್ತೋ, ಅದರಿಂದಲೇ ಕಾಳು ಬಂತೆಂಬಂತೆ ವರ್ತಿಸಿತು.

ಮಂತ್ರದ ಕಥೆಯೂ ಹೀಗೆಯೇ. ಕೇರೆ, ನೀರುಹಾವು ಕಚ್ಚಿದರೆ ಜೀವಕ್ಕೆ ಅಪಾಯವಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳು ಅಪಾಯಕಾರಿ. ಆದರೆ ಅವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತವೆ. ಇಂಥವರಿಗೆ ಮಂತ್ರದ ಬದಲು ಒಂದು ಕಪ್ ಚಹಾ ಕೊಟ್ಟಿದ್ದರೂ ಬದುಕುತ್ತಿದ್ದರು. ಸತ್ತವರ ಲೆಕ್ಕ ಮಾತ್ರ "ತಡವಾಗಿ ಕರಕೊಂಡು ಬಂದ್ರಿ" ಎಂಬಲ್ಲಿಗೆ ಮುಗಿಯುತ್ತದೆ, ಅದು ಫಾರ್ವರ್ಡ್ ಆಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಫಲ ಸಿಕ್ಕಿದರೆ ಕಲಿತದ್ದು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬುದೂ ಮನಶ್ಶಾಸ್ತ್ರದ ಹಳೆಯ ಪಾಠವೇ.

ನಮಗೆ ಹೆಚ್ಚು ಭಯ ಹುಟ್ಟಿಸುವುದು ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು, ಬಾವು ಅಷ್ಟಾಗಿ ಇರುವುದಿಲ್ಲ. ಕೆಲವು ಗಂಟೆಗಳ ನಂತರ ಕಣ್ಣಿನ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ನಡುವಿನ ಆ ಶಾಂತ ಹೊತ್ತನ್ನೇ "ವಿಷ ಇಳೀತು" ಎಂದು ತಿಳಿದು ಮನೆಗೆ ವಾಪಸಾದರೆ ಕಷ್ಟ.

ಒಂದು ಅಂದಾಜಿನಂತೆ 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ದೇಹ ಸೇರಿದ ವಿಷಕ್ಕೆ ಔಷಧ ಪ್ರತಿವಿಷದ ಇಂಜೆಕ್ಷನ್ ಒಂದೇ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಾವು ಹಿಡಿಯಲು ಹೋಗಬೇಡಿ. 108ಕ್ಕೆ ಕರೆ ಮಾಡಿ. ಶಿಗ್ಗಾಂವಿಯವರಾಗಲಿ ಹಿರೇಕೆರೂರಿನವರಾಗಲಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮನೆಯ ಹಿರಿಯರು ಮಂತ್ರ ಬೇಕೇ ಬೇಕೆಂದರೆ ಜಗಳಕ್ಕೆ ನಿಲ್ಲಬೇಡಿ, ಆಸ್ಪತ್ರೆಗೆ ಹೋಗುವ ಗಾಡಿಯಲ್ಲೇ ಹೇಳಿಸಿ.