32 ಸಾವಿರದ ಗೆರೆ

ಕರ್ನಾಟಕದಲ್ಲಿ ಅಂಗವಿಕಲರ ಮಾಸಾಶನ ಎರಡು ದಾಖಲೆಗಳ ಮೇಲೆ ನಿಂತಿದೆ. ಒಂದು, ವೈಕಲ್ಯದ ಶೇಕಡಾವಾರು ತಿಳಿಸುವ ಯುಡಿಐಡಿ ಕಾರ್ಡ್. ಇನ್ನೊಂದು, ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಿಲ್ಲ ಎನ್ನುವ ಆದಾಯ ಪ್ರಮಾಣಪತ್ರ. ಮೊದಲನೆಯದರ ಬಗ್ಗೆ ನಾವು ಸಾಕಷ್ಟು ಚರ್ಚಿಸಿದ್ದೇವೆ. ಮುಂದಿನ ಕೆಲವೇ ವರ್ಷಗಳಲ್ಲಿ ಅಪಾರ ಸಂಖ್ಯೆಯ ಜನರ ಮಾಸಾಶನ ನಿಲ್ಲಿಸಬಲ್ಲದ್ದು ಎರಡನೆಯದು.

ಲೆಕ್ಕ ಹಾಕಿ ನೋಡೋಣ. ನಾಲ್ಕು ಜನರ ಮನೆಯಲ್ಲಿ ವರ್ಷಕ್ಕೆ 32,000 ಎಂದರೆ ತಲೆಗೆ ದಿನಕ್ಕೆ ಸುಮಾರು 22 ರೂಪಾಯಿ. 2025-26ರಲ್ಲಿ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ. ಮನೆಯವರೊಬ್ಬರು ನೂರು ದಿನ ಮಣ್ಣು ಹೊತ್ತರೆ 37,000 ಆಯಿತು, ಗೆರೆ ದಾಟಿತು. ಇದೇ ರಾಜ್ಯದಲ್ಲಿ ಬಿಪಿಎಲ್ ಪಡಿತರ ಚೀಟಿಗೆ ಆದಾಯದ ಮಿತಿ 1.2 ಲಕ್ಷ. ಅಂದರೆ ಅಕ್ಕಿಯ ಮಟ್ಟಿಗೆ ಬಡವರಾದವರು ಮಾಸಾಶನದ ಮಟ್ಟಿಗೆ ಸ್ಥಿತಿವಂತರು!

ಹಾಗಿದ್ದೂ ಲಕ್ಷಾಂತರ ಮನೆಗಳಿಗೆ ಮಾಸಾಶನ ಬರುತ್ತಿದೆಯಲ್ಲ, ಹೇಗೆ? ಹಳ್ಳಿಯಲ್ಲಿ ಇದ್ದವರಿಗೆಲ್ಲ ಉತ್ತರ ಗೊತ್ತು. ಕೂಲಿಯವರ, ಸಣ್ಣ ಹಿಡುವಳಿದಾರರ ಆದಾಯವನ್ನು ಅಳೆಯುವ ದಾರಿಯೇ ಇಲ್ಲ. ಗ್ರಾಮ ಆಡಳಿತಾಧಿಕಾರಿ ಮನೆಯ ಸ್ಥಿತಿ ನೋಡಿ, ಯೋಜನೆಗೆ ಹೊಂದುವ ಒಂದು ಮೊತ್ತ ಬರೆಯುತ್ತಾರೆ. ಈ ಮೊತ್ತ ನಿಜವಲ್ಲವೆಂದು ಕೊಡುವವರಿಗೂ ಗೊತ್ತು, ಪಡೆಯುವವರಿಗೂ ಗೊತ್ತು. ಅವಾಸ್ತವ ಮಿತಿಯ ಪೆಟ್ಟು ಇಷ್ಟು ದಿನ ನೇರವಾಗಿ ಬೀಳದೆ ಉಳಿದಿರುವುದು ಅಧಿಕಾರಿಯ ಈ ಅಂದಾಜಿನಿಂದಲೇ.

ಈ ರಕ್ಷಣೆ ಈಗ ಕರಗುತ್ತಿದೆ. ರಾಜ್ಯ ಸರ್ಕಾರದ ‘ಕುಟುಂಬ’ ದತ್ತಾಂಶ ವ್ಯವಸ್ಥೆ ಒಂದೊಂದು ಮನೆಯ ಪಡಿತರ ಚೀಟಿ, ಆಧಾರ್, ಸೌಲಭ್ಯಗಳನ್ನು ಒಂದೇ ಕಡೆ ಜೋಡಿಸುತ್ತಿದೆ. ಅರ್ಹರನ್ನು ಹುಡುಕಲು ಇದು ಒಳ್ಳೆಯ ಸಾಧನವೇ. ಆದರೆ ಹುಡುಕುವ ಯಂತ್ರವೇ ಹೊರಹಾಕುವ ಯಂತ್ರವೂ ಆಗಬಲ್ಲದು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಚೀಟಿಗಳ ಪರಿಷ್ಕರಣೆ ನಡೆದಾಗ ಅರ್ಹರ ಚೀಟಿಗಳೂ ರದ್ದಾದವೆಂದು ರಾಜ್ಯದಾದ್ಯಂತ ಗದ್ದಲ ಎದ್ದು, ಸರ್ಕಾರ ಹಿಂದೆ ಸರಿಯಬೇಕಾಯಿತು. ಅಲ್ಲಿದ್ದದ್ದು 1.2 ಲಕ್ಷದ ಮಿತಿ. 32,000ದ ಮಿತಿಗೆ ಅದೇ ಜರಡಿ ಹಿಡಿದರೆ ಉಳಿಯುವವರು ಯಾರು? ಪಡಿತರ ಚೀಟಿ ಹೋದವರು ತಾಲ್ಲೂಕು ಕಚೇರಿಯ ಮುಂದೆ ಸಾಲುಗಟ್ಟಿ ನಿಂತು ಕೇಳಬಲ್ಲರು. ಹಾಸಿಗೆ ಬಿಟ್ಟು ಏಳಲಾಗದವರು, ಮಾತು ಬಾರದವರು ಎಲ್ಲಿ ನಿಲ್ಲಬೇಕು?

ಹೆಪ್ಪುಗಟ್ಟಿದ ಮಿತಿ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಐವತ್ತು ವರ್ಷಗಳ ಅನುಭವ ನಮ್ಮ ಮುಂದಿದೆ. ಅಲ್ಲಿ 1974ರಲ್ಲಿ ಶುರುವಾದ ಎಸ್‌ಎಸ್‌ಐ ಎಂಬ ನೆರವು ಬಡ ಅಂಗವಿಕಲರಿಗೂ ವೃದ್ಧರಿಗೂ ಸಲ್ಲುತ್ತದೆ. ತಿಂಗಳ ದುಡಿಮೆಯಲ್ಲಿ ಮೊದಲ 65 ಡಾಲರ್‌ಗೆ ವಿನಾಯಿತಿ. ಆಮೇಲಿನ ಪ್ರತಿ ಎರಡು ಡಾಲರ್‌ಗೆ ನೆರವಿನಲ್ಲಿ ಒಂದು ಡಾಲರ್ ಕಡಿತ. ಆ 65 ಅಂದಿನಿಂದ ಇಂದಿನವರೆಗೆ 65 ಆಗಿಯೇ ಇದೆ. ಉಳಿತಾಯದ ಮಿತಿ 1989ರಿಂದ 2,000 ಡಾಲರ್‌ನಲ್ಲಿ ನಿಂತಿದೆ; ದಂಪತಿಗೆ 3,000. ಇಬ್ಬರು ಫಲಾನುಭವಿಗಳು ಬೇರೆ ಬೇರೆ ಇದ್ದರೆ 4,000 ಇಟ್ಟುಕೊಳ್ಳಬಹುದು, ಮದುವೆಯಾದರೆ ಸಾವಿರ ಕಡಿಮೆ. ಇಷ್ಟು ಜನರನ್ನು ಕೈಬಿಡಿ ಎಂದು ಯಾವ ಸಂಸತ್ತೂ ಮತ ಹಾಕಲಿಲ್ಲ. ಬೆಲೆಗಳು ಏರಿದವು, ಗೆರೆ ಏರಲಿಲ್ಲ. ಕಷ್ಟಕಾಲಕ್ಕೆಂದು ನಾಲ್ಕು ಕಾಸು ಕೂಡಿಟ್ಟವರು ಅಷ್ಟಕ್ಕೇ ಅನರ್ಹರಾದರು.

ನಮ್ಮಲ್ಲಿ ಮೊತ್ತವೂ ಹೆಪ್ಪುಗಟ್ಟಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯಲ್ಲಿ ಕೇಂದ್ರದ ಪಾಲು 2012ರಲ್ಲಿ 300 ರೂಪಾಯಿ ಆಯಿತು. 80 ವರ್ಷದೊಳಗಿನವರಿಗೆ ಇಂದಿಗೂ ಅಷ್ಟೇ. ಅದೂ ಶೇ. 80 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ, ಬಡತನ ರೇಖೆಯ ಕೆಳಗಿನವರಿಗೆ ಮಾತ್ರ. ಈ ನಡುವೆ ಬೆಲೆಗಳು ಹೆಚ್ಚುಕಡಿಮೆ ಎರಡರಷ್ಟಾಗಿವೆ.

ಆದಾಯವನ್ನೇ ಅಳತೆಗೋಲು ಮಾಡುವುದರಲ್ಲಿ ಇನ್ನೂ ಆಳದ ತಪ್ಪೊಂದಿದೆ. ಕೇಂಬ್ರಿಜ್‌ನ ಸಂಶೋಧಕಿ ವೀಬ್ಕೆ ಕುಕ್ಲಿಸ್ ಬ್ರಿಟನ್ನಿನ ಅಂಕಿಅಂಶ ಇಟ್ಟುಕೊಂಡು ಇದನ್ನು ಬಿಡಿಸಿ ತೋರಿಸಿದರು. ಅಮರ್ತ್ಯ ಸೇನ್ 2009ರ ತಮ್ಮ ‘ದಿ ಐಡಿಯಾ ಆಫ್ ಜಸ್ಟಿಸ್’ನಲ್ಲಿ ಅದನ್ನು ಮುಂದಿಟ್ಟಿದ್ದಾರೆ. ಬ್ರಿಟನ್ನಿನ ಜನರಲ್ಲಿ ಒಟ್ಟಾರೆ ಶೇ. 17.9ರಷ್ಟು ಮಂದಿ ಬಡತನ ರೇಖೆಯ ಕೆಳಗಿನ ಕುಟುಂಬಗಳಲ್ಲಿದ್ದರು. ಅಂಗವಿಕಲರಿರುವ ಮನೆಗಳನ್ನಷ್ಟೇ ತೆಗೆದುಕೊಂಡರೆ ಅದು ಶೇ. 23.1. ವೈಕಲ್ಯಕ್ಕಾಗಿ ತಗಲುವ ಹೆಚ್ಚುವರಿ ಖರ್ಚನ್ನೂ ಲೆಕ್ಕಕ್ಕೆ ಹಿಡಿದಾಗ ಶೇ. 47.4. ಆದಾಯವನ್ನಷ್ಟೇ ನೋಡಿ ‘ಇವರು ಬಡವರಲ್ಲ’ ಎಂದು ಬಿಟ್ಟ ದೊಡ್ಡದೊಂದು ಗುಂಪು ನಿಜದಲ್ಲಿ ಬಡತನದಲ್ಲೇ ಇತ್ತು.

ಆ ಹೆಚ್ಚುವರಿ ಖರ್ಚು ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹಲವರಿಗೆ ಸೊಂಟದ ಕೆಳಗೆ ಸ್ಪರ್ಶವಿರುವುದಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಒತ್ತುಹುಣ್ಣು, ಅದು ಎಲುಬಿನವರೆಗೂ ಇಳಿಯುತ್ತದೆ. ಮೂತ್ರಕ್ಕೆ ಕ್ಯಾಥೆಟರ್, ಸೋಂಕಾದರೆ ಆಂಟಿಬಯೋಟಿಕ್. ವಯಸ್ಕರ ಡಯಾಪರ್ ಒಂದಕ್ಕೆ 30 ರೂಪಾಯಿ ಎಂದುಕೊಂಡರೂ ದಿನಕ್ಕೆ ಎರಡರಂತೆ ತಿಂಗಳಿಗೆ 1,800. ಶೇ. 75 ದಾಟಿದ ವೈಕಲ್ಯಕ್ಕೆ ರಾಜ್ಯ ಕೊಡುವ ಮಾಸಾಶನ 1,400. ಹೆಂಡತಿಯೋ ತಾಯಿಯೋ ಕೂಲಿ ಬಿಟ್ಟು ಪಕ್ಕದಲ್ಲೇ ಇರಬೇಕು. ಕಳೆದುಹೋದ ಆ ಕೂಲಿ ಯಾವ ಪ್ರಮಾಣಪತ್ರದಲ್ಲೂ ದಾಖಲಾಗುವುದಿಲ್ಲ.

ಮಿತಿ ವ್ಯಕ್ತಿಯದಲ್ಲ, ಕುಟುಂಬದ್ದು ಎನ್ನುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ತಮ್ಮನಿಗೆ ಕೆಲಸ ಸಿಕ್ಕರೆ ಕಣ್ಣು ಕಾಣದ ಅಕ್ಕನ ಮಾಸಾಶನ ಹೋಗಬಹುದು. ಆ ದುಡ್ಡು ಚಿಕ್ಕದೇ ಇರಲಿ, ಮನೆಯಲ್ಲಿ ಅವಳು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದದ್ದು ಅದೊಂದೇ. ಅದಿಲ್ಲದಿದ್ದರೆ ಸಣ್ಣಪುಟ್ಟ ಖರ್ಚಿಗೂ ಅವಳು ತಮ್ಮನ ಮುಖ ನೋಡಬೇಕು. ಜರ್ಮನಿಯಲ್ಲಿ ಇಂಥದ್ದೇ ನಿಯಮದ ವಿರುದ್ಧ ಅಂಗವಿಕಲರು ಬೀದಿಗಿಳಿದರು. 2020ರಿಂದ ಅಲ್ಲಿ ಅಂಗವಿಕಲರ ದಿನನಿತ್ಯದ ಸಹಾಯಕ್ಕೆ ಸಿಗುವ ನೆರವಿಗೆ ಗಂಡನ ಅಥವಾ ಹೆಂಡತಿಯ ಆದಾಯ ಲೆಕ್ಕಕ್ಕಿಲ್ಲ.

ಮಿತಿ ತೆಗೆದರೆ ಸಿರಿವಂತರಿಗೂ ಹಣ ಹೋಗುವುದಿಲ್ಲವೇ ಎಂಬ ಆಕ್ಷೇಪಣೆ ಇದ್ದೇ ಇದೆ. ಹೋಗುತ್ತದೆ, ಸ್ವಲ್ಪ. ಅದನ್ನು ತೆರಿಗೆಯಲ್ಲಿ ಹಿಂಪಡೆಯಬಹುದು. ಕೈಬಿಟ್ಟ ಬಡವರನ್ನು ಹಾಗೆ ಹಿಂಪಡೆಯಲಾಗದು. ಬಡವರನ್ನು ಆರಿಸುವ ನಮ್ಮ ದಾಖಲೆ ಆಶಾದಾಯಕವಾಗಿಲ್ಲ: 2004-05ರಲ್ಲಿ ಗ್ರಾಮೀಣ ಭಾರತದ ಸುಮಾರು ಅರ್ಧದಷ್ಟು ಬಡ ಕುಟುಂಬಗಳ ಬಳಿ ಬಿಪಿಎಲ್ ಚೀಟಿಯೇ ಇರಲಿಲ್ಲ. ನಮಗಿಂತ ಬಡದೇಶವಾದ ನೇಪಾಳ ತೀವ್ರ ವೈಕಲ್ಯ ಇರುವವರಿಗೆ ಕೆಂಪು ಮತ್ತು ನೀಲಿ ಕಾರ್ಡ್ ಕೊಟ್ಟು, ಆದಾಯ ಕೇಳದೆ ಭತ್ಯೆ ಕೊಡುತ್ತಿದೆ.

ನಮ್ಮ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಪಿಂಚಣಿಗೆ ಆದಾಯ ಮಿತಿ ಹಾಕಲು ಅವಕಾಶ ಕೊಟ್ಟಿದೆ, ನಿಜ. ಆದರೆ ಆ ಮಿತಿ ಎಷ್ಟೆಂದು ಕಾಯ್ದೆ ಹೇಳಿಲ್ಲ. ಅದನ್ನು ಸರ್ಕಾರಕ್ಕೆ ಬಿಟ್ಟಿದೆ. ಹಾಗಾಗಿ ಕುಟುಂಬದ ಬದಲು ವ್ಯಕ್ತಿಯ ಸ್ವಂತ ಆದಾಯ ಹಿಡಿಯುವುದಕ್ಕೆ, ಗೆರೆಯನ್ನು ಕನಿಷ್ಠ 1.2 ಲಕ್ಷಕ್ಕೆ ಏರಿಸಿ ಬೆಲೆ ಸೂಚ್ಯಂಕಕ್ಕೆ ಕಟ್ಟುವುದಕ್ಕೆ, ತೀವ್ರ ವೈಕಲ್ಯ ಇರುವವರಿಗೆ ಗೆರೆಯನ್ನೇ ಅಳಿಸುವುದಕ್ಕೆ ಶಾಸನ ತಿದ್ದುಪಡಿ ಬೇಕಿಲ್ಲ. ಸಚಿವ ಸಂಪುಟದ ಒಪ್ಪಿಗೆ, ಆರ್ಥಿಕ ಇಲಾಖೆಯ ಸಹಿ, ಒಂದು ಸರ್ಕಾರಿ ಆದೇಶ ಸಾಕು. ದತ್ತಾಂಶ ಜೋಡಣೆ ಪೂರ್ತಿಯಾಗುವ ಮೊದಲೇ ಅದು ಹೊರಬೀಳಬೇಕು.