ಅಮಾವಾಸ್ಯೆಗೊಂದು ಊರು

ಶಹಾಪುರದ ಬಸ್ ನಿಲ್ದಾಣದಲ್ಲಿ ಸುರಪುರದ ಗಾಡಿಗೆ ಕಾಯುವಾಗ ಆ ಅಜ್ಜನ ಹೆಗಲ ಮೇಲಿನ ಗಂಟು ಕಣ್ಣಿಗೆ ಬಿತ್ತು. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಸೋರೆಬುರುಡೆ, ಅದರಿಂದ ಮೇಲೆದ್ದ ಬಿದಿರು, ತುದಿಗೊಂದು ಬಿರಡೆ. ಏಕತಾರಿಯೇ ಸರಿ. ಎಲ್ಲಿಗೆ ಹೊರಟಿರಿ ಎಂದೆ. "ತಿಂಥಣಿ ಕಡಿಗಿ ಒಂದ್ ಹಳ್ಳಿ ಅದ ತಮ್ಮಾ. ಇವತ್ತ ಅಮಾಸಿ ಅಲ್ಲೇನು?" ಎಂದರು, ಇಷ್ಟೂ ಗೊತ್ತಿಲ್ಲವೇ ಎಂಬಂತೆ. ನನ್ನ ಕೆಲಸ ಸುರಪುರದಲ್ಲಿತ್ತು. ಅದನ್ನು ಬಿಟ್ಟು ಅವರ ಬೆನ್ನು ಹತ್ತಿದೆ.

ಬಸ್ಸಿನಲ್ಲಿ ಅವರು ಏಕತಾರಿಯನ್ನು ಮೇಲಿನ ಕಂಬಿಗೆ ಇಡಲಿಲ್ಲ, ಪಕ್ಕದವರ ಕೈಗೂ ಕೊಡಲಿಲ್ಲ. ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಎರಡೂ ಕೈಯಿಂದ ಹಿಡಿದು ಕೂತರು. "ಬುರುಡಿ ಒಡೀತಂದ್ರ ಹೊಸಾದು ಒಣಗಸಾಕ ಒಂದ್ ಬ್ಯಾಸಗಿ ಬೇಕು" ಎಂದರು. ತಂತಿ ಹರಿದರೆ ಚಿಂತೆಯಿಲ್ಲ, ಅದು ಯಾದಗಿರಿ ಪೇಟೆಯಲ್ಲೇ ಸಿಗುತ್ತದೆ. ಬುರುಡೆ ಮಾತ್ರ ಹೊಲದ ಬೇಲಿಯಲ್ಲಿ ಬೆಳೆಯಬೇಕು, ಬಳ್ಳಿಯಲ್ಲೇ ಬಲಿಯಬೇಕು, ತಿರುಳು ತೆಗೆದು ಬಿಸಿಲಿಗೆ ಇಡಬೇಕು.

ಅವರ ತಿರುಗಾಟಕ್ಕೆ ಲೆಕ್ಕವಿದೆ. ಮಳೆಗಾಲದಲ್ಲಿ ಊರು ಬಿಡುವುದಿಲ್ಲ, ಶ್ರಾವಣ ಸೋಮವಾರಗಳು ಮಾತ್ರ ಅದಕ್ಕೆ ಹೊರತು. ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿದ ಮೇಲೆ ಹೊರಟರೆ ಯುಗಾದಿಯವರೆಗೆ ಅಮಾವಾಸ್ಯೆಗೊಂದು ಊರು, ನಡುನಡುವೆ ಮಠಗಳ ಜಾತ್ರೆ. ಸಂಕ್ರಾಂತಿಗೆ ಯಾದಗಿರಿ ಪಕ್ಕದ ಮೈಲಾಪುರಕ್ಕೂ ಹೋಗುತ್ತಾರೆ, ಆದರೆ ಹಾಡಲಿಕ್ಕಲ್ಲ, ಮಲ್ಲಯ್ಯನಿಗೆ ಭಂಡಾರ ಹಾರಿಸಲಿಕ್ಕೆ. ಅಲ್ಲಿನ ಗದ್ದಲದಲ್ಲಿ ಒಂದು ತಂತಿಯ ದನಿ ಯಾರಿಗೂ ಕೇಳುವುದಿಲ್ಲ. ಶಹಾಪುರ, ಸುರಪುರ, ಯಾದಗಿರಿ ಈ ಮೂರು ಊರುಗಳಲ್ಲಿ ರೈಲು ಕಾಣುವುದು ಯಾದಗಿರಿ ಒಂದೇ. ಉಳಿದದ್ದೆಲ್ಲ ಬಸ್ಸು, ಟಂಟಂ, ಕೊನೆಗೆ ಕಾಲುನಡಿಗೆ. ಮಗನ ಜೊತೆ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಲಸವನ್ನೂ ಮಾಡಿದ್ದಾರೆ. ಅಲ್ಲಿಯೂ ಅಮಾವಾಸ್ಯೆ ಬಂದರೆ ತಗಡಿನ ಶೆಡ್ಡಿನಲ್ಲಿ ಭಜನೆ ನಡೆಯುತ್ತಿತ್ತಂತೆ, ಸುತ್ತಲಿನ ಶೆಡ್ಡುಗಳಿಂದ ನಮ್ಮ ಜಿಲ್ಲೆಯವರೇ ಬಂದು ಕೂಡುತ್ತಿದ್ದರಂತೆ.

ಹಳ್ಳಿ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ನನ್ನನ್ನು ಇವತ್ತಿಗೂ ಬಿಡದಿರುವುದು ಆ ರಾತ್ರಿ. ಒಬ್ಬರೇ ಬಂದಿದ್ದರು, ಆದರೆ ಅಲ್ಲಿ ಅವರು ಒಬ್ಬರಾಗಿರಲಿಲ್ಲ. ಮಠದ ಪಡಸಾಲೆಯಲ್ಲಿ ಪೇಟಿ, ತಬಲಾ, ತಾಳಗಳು ಆಗಲೇ ಸಾಲಾಗಿದ್ದವು. ಗೋಧಿ ಹುಗ್ಗಿಯ ಊಟ ಮುಗಿಸಿ ಅಜ್ಜ ಬಲಗೈಯಲ್ಲಿ ತಂತಿ ಮೀಟುತ್ತ, ಎಡಗೈಯ ಚಿಟಿಕೆ ಆಡಿಸುತ್ತ ಪಲ್ಲವಿ ಎತ್ತಿದರು. ಮರುಸಾಲಿಗೆ ಇಡೀ ಪಡಸಾಲೆ ಹಾಡುತ್ತಿತ್ತು. ಯಾವ ಪದ, ಯಾವ ಮಟ್ಟು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಡುರಾತ್ರಿ ದಾಟಿದ ಮೇಲೆ ಬಾಗಿಲ ಬಳಿ ಕೂತಿದ್ದ ಹಿರಿಯ ಹೆಣ್ಣುಮಗಳೊಬ್ಬಳು ಒಂದು ಪದ ಹಾಡಿದಳು. ಅದು ಸವಾಲು: ದೇಹದೊಳಗಿನ ಊರು ಯಾವುದು, ಅದಕ್ಕೆ ಬಾಗಿಲೆಷ್ಟು ಎಂಬಂಥದ್ದು. ಜವಾಬನ್ನೂ ಪದದಲ್ಲೇ ಕೊಡಬೇಕು. ಅಜ್ಜ ಕಣ್ಣು ಮುಚ್ಚಿ ತಂತಿಯನ್ನಷ್ಟೇ ಮೀಟುತ್ತ ಹೊತ್ತು ಕಳೆದರು. ನೆನಪಾಗಲಿಲ್ಲ. ತಬಲಾ ಬಾರಿಸುತ್ತಿದ್ದ ಹುಡುಗ ಮೊದಲ ನುಡಿ ಎತ್ತಿಕೊಟ್ಟ, ಉಳಿದದ್ದನ್ನು ಅಜ್ಜ ಪೂರೈಸಿದರು. ಯಾರೂ ಸೋಲಲಿಲ್ಲ, ಸವಾಲಿಗೆ ಜವಾಬು ಸಿಕ್ಕಿತ್ತು. ಬೆಳಗಿಗೆ ಮಂಗಳಾರತಿ ಪದ, ಒಂದು ಟವೆಲ್, ಕಾಯಿ, ಬಸ್ಸಿನ ಖರ್ಚು, ಸಜ್ಜೆ ರೊಟ್ಟಿ ಪುಂಡಿಪಲ್ಯದ ಬುತ್ತಿ. ಅದೇ ಸಂಭಾವನೆ.

ಆ ರಾತ್ರಿ ಹಾಡಿದ್ದು ತತ್ವಪದಗಳು, ಅವುಗಳ ಇತಿಹಾಸ ಈ ಭಾಗದ ಓದುಗರಿಗೆ ಹೊಸದಲ್ಲ. ದೇವರಗೋನಾಲದಲ್ಲಿ ಹುಟ್ಟಿ ತಿಂಥಣಿಯಲ್ಲಿ ನೆಲೆನಿಂತ ಮೌನೇಶ್ವರರಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪ, ಚೆನ್ನೂರ ಜಲಾಲಸಾಹೇಬರಂಥವರು ತಾವೂ ಪದ ಕಟ್ಟಿದರು. ಮೀನಾಕ್ಷಿ ಬಾಳಿಯವರಂಥ ಸಂಶೋಧಕರು ಊರೂರು ಅಲೆದು ಈ ಪದಗಳನ್ನು ಕಲೆಹಾಕಿದ್ದಾರೆ, ಕನಕದಾಸ ಅಧ್ಯಯನ ಕೇಂದ್ರ ಸಂಪುಟಗಳನ್ನೇ ತಂದಿದೆ. ಆದರೆ ಪುಸ್ತಕದಲ್ಲಿ ಓದಿದಾಗ ಗೂಢವೆನಿಸಿದ ಪದ ಪಡಸಾಲೆಯಲ್ಲಿ ತಿಳಿಯಾಗುತ್ತದೆ. ಅಲ್ಲಿ ಅದಕ್ಕೆ ಕೇಳುವವರಿದ್ದಾರೆ, ಉತ್ತರ ಕೊಡುವವರಿದ್ದಾರೆ.

ಹಾದಿ ಹಿಡಿದ ಹಾಡುಗಾರರ ಮಾತು ಬಂದ ಮೇಲೆ ಸುರಪುರದ ಟೇಲರ್ ಸಾಹೇಬನನ್ನು ನೆನೆಯದೆ ಮುಂದೆ ಹೋಗಲಾರೆ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಲ್ಲರಿಗೂ ಗೊತ್ತು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇಲ್ಲಿದ್ದದ್ದು 1841ರಿಂದ 1853ರವರೆಗೆ. ಅದಕ್ಕೂ ಮುಂಚೆ, 1839ರಲ್ಲಿ, ದಾರಿಹೋಕರ ಕೊರಳಿಗೆ ಕರವಸ್ತ್ರ ಬಿಗಿದು ಕೊಲ್ಲುತ್ತಿದ್ದ ಥಗ್ಗರ ಕುರಿತು 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಬರೆದು ಹೆಸರಾಗಿದ್ದ. ಥಗ್ಗರನ್ನು ಬೇಟೆಯಾಡಿದ ಸ್ಲೀಮನ್‌ನ ಬರಹಗಳಲ್ಲಿ, ಅವರು ಯಾರನ್ನು ಕೊಲ್ಲಬಾರದೆಂಬ ಪಟ್ಟಿಯೊಂದಿದೆ: ಹೆಂಗಸರು, ಫಕೀರರು, ಗಾಣಿಗರು, ಕಮ್ಮಾರರು, ಬಡಗಿಗಳು, ಕುಣಿಯುವವರು, ಮತ್ತು ಹಾಡುಗಾರರು! ಕೊರಳನ್ನೇ ಗುರಿಯಿಡುವವರು ಹಾಡುವ ಕೊರಳನ್ನು ಬಿಟ್ಟಿದ್ದರು. ಈ ಪಟ್ಟಿಯನ್ನು ಪೂರ್ತಿ ನಂಬುವುದು ಕಷ್ಟ. ಇದನ್ನೆಲ್ಲ ಹೇಳಿದವರು ನೇಣಿನಿಂದ ಪಾರಾಗಲು ಮಾಫಿ ಸಾಕ್ಷಿಗಳಾದವರು, ಬರೆದುಕೊಂಡವರು ಕಂಪನಿಯ ಅಧಿಕಾರಿಗಳು. ನಿಯಮ ಮುರಿದದ್ದನ್ನೂ ಆ ಥಗ್ಗರೇ ಒಪ್ಪಿಕೊಂಡಿದ್ದಾರೆ. ಆದರೂ ಒಂದು ಮಾತು ಇದರಿಂದ ನಿಲ್ಲುತ್ತದೆ: ವಾದ್ಯ ಹಿಡಿದ ಹಾಡುಗಾರ ಆ ದಾರಿಗಳಲ್ಲಿ ಎಷ್ಟು ಸಾಮಾನ್ಯನಾಗಿದ್ದನೆಂದರೆ ಅವನಿಗಾಗಿಯೇ ಒಂದು ನಿಯಮ ಬೇಕಾಗಿತ್ತು.

ಹಾದಿಯಲ್ಲಿ ಕಳ್ಳರ ಕಾಟ ಇತ್ತೇ ಎಂದು ಅಜ್ಜನನ್ನು ಕೇಳಿದೆ. "ಒಮ್ಮಿ ರಾತ್ರಿ ಇಬ್ಬರು ತರುಬಿದ್ರಪ. ಬುರುಡಿ ನೋಡಿ, ಒಂದ್ ಪದಾ ಹಾಡು ಅಂದ್ರು. ಹಾಡಿದ್ಯಾ. ಬೀಡಿ ಕೊಟ್ಟು ಹೋದ್ರು."

ಟೇಲರ್ ತನ್ನ ನಾಡಿಗೆ ಮರಳಿದ ಮೇಲೆ ಇನ್ನೊಂದು ಕೆಲಸ ಮಾಡಿದ. ಕರ್ನಲ್ ಫ್ರೆಂಚ್ ಎಂಬಾತ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಗೆ ಕೊಟ್ಟ ಭಾರತದ ವಾದ್ಯಗಳಿಗೆಲ್ಲ ವಿವರಣೆ ಬರೆದ. ಅದು 1865ರ ಹೊತ್ತಿಗೆ ಅಕಾಡೆಮಿಯ ಸಂಪುಟದಲ್ಲಿ ಅಚ್ಚಾಯಿತು. ಸುರಪುರದಲ್ಲಿ ಕಳೆದ ಅಷ್ಟು ವರ್ಷಗಳ ರಾತ್ರಿಗಳು ಆ ಬರವಣಿಗೆಯ ಹಿಂದಿವೆ ಎಂಬುದು ನನ್ನ ಊಹೆ, ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಈಗಿನ ಮಾತಿಗೆ ಬಂದರೆ, ದೊಡ್ಡ ಬದಲಾವಣೆ ಕಾಣುವುದು ಹಾಡುವ ಹೆಣ್ಣುಮಕ್ಕಳಲ್ಲಿ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಗೆ ಮನೆಯವರ ಮುಖ ನೋಡಬೇಕಾಗಿಲ್ಲ. ಸವಾಲು ಹಾಕಿದ ಆ ತಾಯಿ ಕೃಷ್ಣೆಯ ಆಚೆ ದಂಡೆಯ ಲಿಂಗಸುಗೂರು ಸೀಮೆಯಿಂದ ತಿಂಥಣಿ ಸೇತುವೆ ದಾಟಿ ಬಂದಿದ್ದಳು. "ಮೊದ್ಲ ವರ್ಷಕ್ಕೊಮ್ಮಿ ಜಾತ್ರಿಗೆ ಬರ್ತಿದ್ದಿವ್ರಿ. ಈಗ ಪದಾ ಇದ್ದಲ್ಲಿ ಬರ್ತೀವಿ" ಎಂದಳು. ಹಾಡಿನ ಹಾದಿಗೆ ಇಷ್ಟು ಉಪಕಾರ ಮಾಡಿದ ಸಾಂಸ್ಕೃತಿಕ ಯೋಜನೆ ನನಗಂತೂ ಇನ್ನೊಂದು ಕಂಡಿಲ್ಲ, ಇದು ಸಾರಿಗೆ ಯೋಜನೆಯಾದರೂ.

ಉತ್ಸವಗಳ ವೇದಿಕೆಯ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ಅಲ್ಲಿ ಕೈಗೆ ಸಿಗುವುದು ಐದೋ ಹತ್ತೋ ನಿಮಿಷ. ಸವಾಲು ಹುಟ್ಟುವ ಮೊದಲೇ ಮೈಕು ಮುಂದಿನ ತಂಡಕ್ಕೆ ಹೋಗಿರುತ್ತದೆ. ಏಕತಾರಿಯನ್ನೇ ಹಿಡಿದ ಬಾಂಗ್ಲಾದೇಶದ ಬಾವುಲರ ಹಾಡುಗಳನ್ನು 2005ರಲ್ಲೇ ಯುನೆಸ್ಕೊ ಗುರುತಿಸಿತು, ಲೋಕವೆಲ್ಲ ಅವರನ್ನು ಕರೆಸಿ ಕೇಳುತ್ತದೆ. ನಮ್ಮವರು ಬೆಂಗಳೂರಿನಲ್ಲಿ ಹಾಡಿದ್ದು ತಗಡಿನ ಶೆಡ್ಡಿನಲ್ಲಿ.

ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದ್ದೀರಾ ಎಂದರೆ ಅಜ್ಜ ತಲೆ ಅಲ್ಲಾಡಿಸಿದರು. ಕಲಾಸೇವೆಗೆ ದಾಖಲೆ ಬೇಕು, ಪ್ರಮಾಣಪತ್ರ ಬೇಕು. ಅಮಾವಾಸ್ಯೆಯ ಭಜನೆಗೆ ಯಾರು ಪ್ರಮಾಣಪತ್ರ ಕೊಡುತ್ತಾರೆ? ಆದರೆ ಅವರ ಜೋಳಿಗೆಯಲ್ಲಿ ಪದದ ವಹಿಗಳಿವೆ, ಮೂಲೆಗಳು ಸವೆದಿವೆ. ಪ್ರತಿ ಪದದ ಕೆಳಗೂ ಅದನ್ನು ಯಾವ ಊರಲ್ಲಿ, ಯಾರ ಬಾಯಿಂದ, ಯಾವ ಅಮಾವಾಸ್ಯೆಗೆ ಕಲಿತದ್ದೆಂದು ಬರೆದಿದೆ. ಆ ಊರುಗಳ ಭಜನಾ ಮಂಡಳಿಗಳು ಒಂದೊಂದು ಸಹಿ ಹಾಕಿದರೆ, ಗ್ರಾಮ ಪಂಚಾಯಿತಿ ಅದಕ್ಕೆ ಮುದ್ರೆ ಒತ್ತಿದರೆ, ಕಲಾಸೇವೆಗೆ ಅದಕ್ಕಿಂತ ಗಟ್ಟಿ ದಾಖಲೆ ಬೇಕಿಲ್ಲ. ಯಾದಗಿರಿಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿ ಇದೆ, ಅಲ್ಲಿಂದಲೇ ಇದು ಶುರುವಾಗಲಿ.